ಈ ಜಾತ್ರೆಯ ಕುಸ್ತಿಗೇ ಕರೆದೊಯ್ಯಿರಿ

ಬೀದರ್ ಸೀಮೆಯಲ್ಲಿ ಜಾತ್ರೆ ಎಂದರೆ ತೇರಿನಷ್ಟೇ ಕುಸ್ತಿಗೂ ಜನ ಕಾಯುತ್ತಾರೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ, ಶಿವರಾತ್ರಿ ಹೊತ್ತಿಗೆ ಔರಾದಿನ ಅಮರೇಶ್ವರ, ಬಿಸಿಲು ಬಲಿತ ಮೇಲೆ ಬಸವಕಲ್ಯಾಣದ ಬಸವೇಶ್ವರ. ಇವುಗಳ ನಡುವೆ ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಹಳ್ಳಿಯ ಜಾತ್ರೆಗಳು. ಮೊದಲು ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿ. ಆಮೇಲೆ ಹತ್ತಿಪ್ಪತ್ತು ರೂಪಾಯಿಯಿಂದ ನೂರಿನ್ನೂರಕ್ಕೆ ಏರುತ್ತ, ಹೊತ್ತು ಮುಳುಗುವ ಹೊತ್ತಿಗೆ ಬೆಳ್ಳಿ ಕಡಗದ ಜಂಗಿ ಕುಸ್ತಿ. ಲಾತೂರು, ನಾಂದೇಡದಿಂದ ಪೈಲ್ವಾನರು ಬರುತ್ತಾರೆ, ಜಹೀರಾಬಾದ್ ಕಡೆಯಿಂದಲೂ ಬರುತ್ತಾರೆ. ಕಣದ ಸುತ್ತ ಮರಾಠಿ, ಉರ್ದು, ತೆಲುಗು, ಕನ್ನಡ ನಾಲ್ಕೂ ಕೂಗುತ್ತವೆ. ಯಾವ ಭಾಷೆಯವನೇ ಇರಲಿ, ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್.

ಇನ್ನು ಭಾತಂಬ್ರಾದಂಥ ಊರನ್ನು ತೆಗೆದುಕೊಳ್ಳಿ. ಹಳೆಯ ಕೋಟೆಯ ಊರು. ಅಲ್ಲಿ ಒಂದು ಮನೆ ಇದೆ ಎಂದಿಟ್ಟುಕೊಳ್ಳೋಣ. ಆ ಮನೆಯ ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮಂಚ ಹಿಡಿದಿದ್ದಾರೆ. ಹರೆಯದಲ್ಲಿ ಲಂಗೋಟಿ ಕಟ್ಟಿದವರು, ಆಮೇಲೆ ಮೂವತ್ತು ವರ್ಷ ಕಣದ ಅಂಚಿನಲ್ಲಿ ಕೂತು ಜೋಡಿ ಹಚ್ಚಿದವರು. ಈಗ ಅನ್ನನಾಳದ ಕ್ಯಾನ್ಸರೋ, ಸೋತ ಹೃದಯವೋ, ಕೈಕೊಟ್ಟ ಮೂತ್ರಪಿಂಡವೋ. ಜಾತ್ರೆಯ ಹಲಗಿ ಸಪ್ಪಳ ಕಿವಿಗೆ ಬಿದ್ದೊಡನೆ ಅವರು ಕೇಳುತ್ತಾರೆ: ‘ಈ ಸಲ ಕುಸ್ತಿಗಿ ಯಾರ್ ಯಾರ್ ಬಂದಾರ?’ ಮಗ ಹೇಳುತ್ತಾನೆ: ‘ಅರಾಮ ಆಗ್ಲಿ ಅಪ್ಪಾ, ಮುಂದಿನ ಜಾತ್ರಿಗಿ ಕರ್ಕೊಂಡು ಹೋಗ್ತೀನಿ.’

ಮಗನ ಮಾತಿನಲ್ಲಿ ಪ್ರೀತಿ ಇದೆ, ಮೋಸವಿಲ್ಲ. ಆದರೆ ಇಂಥ ಬಹಳಷ್ಟು ಕಾಯಿಲೆಗಳಲ್ಲಿ ಮುಂದಿನ ಜಾತ್ರೆ ಇರುವುದಿಲ್ಲ. ಇದ್ದರೂ ಆಗ ಕೂರುವ ಶಕ್ತಿ ಇರುವುದಿಲ್ಲ. ಈ ವಾರ ಕೈ ಹಿಡಿದರೆ ಎದ್ದು ಕೂರುವವರು ಮೂರು ತಿಂಗಳಿಗೆ ಮಗ್ಗುಲು ಬದಲಿಸಲೂ ಇನ್ನೊಬ್ಬರಿಗೆ ಕಾಯಬೇಕಾಗಬಹುದು. ಹಾಗಾಗಿ ಕುಸ್ತಿಗೋ ಕಬಡ್ಡಿಗೋ ಕ್ರಿಕೆಟ್ಟಿಗೋ ಕರೆದೊಯ್ಯುವ ಮಾತು ಬಂದಾಗ ಕೇಳಬೇಕಾದ ಪ್ರಶ್ನೆ ‘ವಾಸಿಯಾದ ಮೇಲೆ ಹೋಗೋಣವೇ’ ಎಂಬುದಲ್ಲ. ‘ಇವತ್ತಿನ ಸ್ಥಿತಿಯಲ್ಲಿ ಹೇಗೆ ಹೋಗಬಹುದು’ ಎಂಬುದು. ಮೊದಲನೆಯ ಪ್ರಶ್ನೆಗೆ ಉತ್ತರ ಯಾರ ಕೈಯಲ್ಲೂ ಇಲ್ಲ. ಎರಡನೆಯದಕ್ಕೆ ಇದೆ, ಬಹಳ ಸಲ ಅದು ಸರಳವೂ ಆಗಿರುತ್ತದೆ.

ಕುಸ್ತಿ ನೋಡುವುದು ಚಿಕಿತ್ಸೆ ಹೇಗಾದೀತು ಎನ್ನುವವರಿಗೆ ಗುಣವಾಗದ ಕಾಯಿಲೆಯವರ ನರಳಿಕೆ ತಗ್ಗಿಸುವ ಉಪಶಾಮಕ ಆರೈಕೆಯ ಚರಿತ್ರೆಯಲ್ಲೇ ಉತ್ತರವಿದೆ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಯ ಮನೆ, ತೆರೆದರು. ಗುಣವಾಗದ ರೋಗಿಯ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದೂ ಹೌದು, ನಂಟಿನದೂ ಹೌದು, ಬಾಳಿಗೆ ಅರ್ಥ ಹುಡುಕುವ ತಳಮಳದ್ದೂ ಹೌದು ಎಂಬುದು ಅವರ ಕಾಣ್ಕೆ. ನಮ್ಮ ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ಈ ಆರೈಕೆಯನ್ನು ಕೈಗೆತ್ತಿಕೊಂಡರು. ನಿಧಾನಕ್ಕೆ ಊರವರೇ ಸ್ವಯಂಸೇವಕರಾಗಿ ಮನೆಮನೆಗೆ ಹೋಗುವ ಪದ್ಧತಿ ಬೆಳೆಯಿತು. 2008ರಲ್ಲಿ ಆ ರಾಜ್ಯ ಇದಕ್ಕೆಂದೇ ಒಂದು ನೀತಿ ತಂದಿತು. ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಹಾಸ್ಪಿಸ್ ಇದೆ. ಕೇಂದ್ರ ಸರ್ಕಾರ 2012ರಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ ರೂಪಿಸಿತು. ಇಷ್ಟಾದರೂ ನಮ್ಮ ಮನೆಗಳಲ್ಲಿ ‘ಆರೈಕೆ’ ಎಂದರೆ ಗುಳಿಗೆ, ಗ್ಲುಕೋಸ್, ಗಂಜಿ. ಹಿರಿಯರಿಗೆ ಏನು ಬೇಕು ಎಂದು ಕೇಳುವುದು ಆ ಪಟ್ಟಿಗೆ ಇನ್ನೂ ಸೇರಿಲ್ಲ.

ನೆದರ್ಲೆಂಡಿನ ಕೇಸ್ ವೆಲ್ಡ್‌ಬೂರ್ ಎಂಬವರ ಕತೆ ಇಲ್ಲಿ ಹೇಳಲೇಬೇಕು. ಅವರು ವೈದ್ಯರಲ್ಲ, ರಾಟರ್‌ಡ್ಯಾಮಿನ ಆಂಬುಲೆನ್ಸ್ ಚಾಲಕ. 2006ರಲ್ಲಿ ಕೊನೆಯ ಹಂತದ ರೋಗಿಯೊಬ್ಬರನ್ನು ಸಾಗಿಸುತ್ತಿದ್ದಾಗ, ಇನ್ನೊಮ್ಮೆ ಹಡಗು ನೋಡಬೇಕೆಂಬ ಅವರ ಆಸೆ ಕಿವಿಗೆ ಬಿತ್ತು. ವೆಲ್ಡ್‌ಬೂರ್ ತಮ್ಮ ಬಿಡುವಿನಲ್ಲಿ ಅವರನ್ನು ಸ್ಟ್ರೆಚರಿನಲ್ಲೇ ಬಂದರಿಗೆ ಕರೆದೊಯ್ದರು. ಅದರಿಂದಲೇ ಒಂದು ಸಂಸ್ಥೆ ಹುಟ್ಟಿತು. ಅದರ ವಾಹನದಲ್ಲಿ ತರಬೇತಿ ಪಡೆದ ಚಾಲಕರೂ ದಾದಿಯರೂ ಇರುತ್ತಾರೆ, ಎಲ್ಲರೂ ಸ್ವಯಂಸೇವಕರು. ಸಾವಿರಾರು ರೋಗಿಗಳು ಹೀಗೆ ಕಡಲಿಗೆ, ಮೊಮ್ಮಗಳ ಮದುವೆಗೆ, ಚಿತ್ರಶಾಲೆಗೆ, ಫುಟ್‌ಬಾಲ್ ಮೈದಾನಕ್ಕೆ ಹೋಗಿ ಬಂದಿದ್ದಾರೆ. ವೆಲ್ಡ್‌ಬೂರ್ 2021ರಲ್ಲಿ ತೀರಿಕೊಂಡರು, ಅವರ ಕೆಲಸ ನಡೆಯುತ್ತಿದೆ. ಮಲಗಿದವರನ್ನೂ ಸುರಕ್ಷಿತವಾಗಿ ಆಟಕ್ಕೆ ಕರೆದೊಯ್ಯಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ನಮ್ಮಲ್ಲಿ ಅಂಥ ವಾಹನವಿಲ್ಲ ಎಂಬುದು ನಿಜ. 108 ಆಂಬುಲೆನ್ಸ್ ಇರುವುದು ತುರ್ತಿಗೆ, ಅದನ್ನು ಜಾತ್ರೆಗೆ ಕರೆಯುವಂತಿಲ್ಲ. ಆದರೆ ಭಾಲ್ಕಿ, ಔರಾದ್ ಕಡೆಯ ಕುಟುಂಬಗಳು ಇದೇ ಹಿರಿಯರನ್ನು ಈಗಾಗಲೇ ಎಲ್ಲೆಲ್ಲಿಗೆ ಕರೆದೊಯ್ಯುತ್ತಿವೆ ನೋಡಿ. ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ, ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ, ಮಹಾರಾಷ್ಟ್ರದ ಬಾರ್ಶಿಯ ನರ್ಗೀಸ್ ದತ್ ಆಸ್ಪತ್ರೆಗೆ. ಒಂದೊಂದೂ ಸುಮಾರು ನೂರು ಕಿಲೋಮೀಟರ್, ಇಲ್ಲವೇ ಅದಕ್ಕೂ ಮೇಲ್ಪಟ್ಟ ದಾರಿ. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ, ಬಸ್ಸಿನಲ್ಲೋ ಬಾಡಿಗೆ ಜೀಪಿನಲ್ಲೋ ಕೂರಿಸಿ, ದಿನವಿಡೀ ಸರದಿಯಲ್ಲಿ ಕಾಯಿಸಿ, ರಾತ್ರಿ ಮನೆ ಸೇರಿಸುತ್ತೇವೆ. ಅದನ್ನು ಯಾರೂ ಅಪಾಯ ಎನ್ನುವುದಿಲ್ಲ. ಪಕ್ಕದೂರಿನ ಜಾತ್ರೆಯಲ್ಲಿ ಒಂದು ಗಂಟೆ ಕೂರಿಸಿಕೊಂಡು ಬರೋಣವೆಂದರೆ ಮಾತ್ರ ಮನೆ ತುಂಬ ‘ಬ್ಯಾಡ ಬ್ಯಾಡ’ ಶುರುವಾಗುತ್ತದೆ. ಸ್ಕ್ಯಾನಿಂಗಿಗೆ ತಡೆದುಕೊಳ್ಳುವ ದೇಹ, ಸಂತೋಷಕ್ಕೆ ತಡೆದುಕೊಳ್ಳುವುದಿಲ್ಲವೆಂದು ಯಾಕೆ ತಿಳಿಯಬೇಕು?

ಹಾಗೆಂದು ಕಣ್ಣು ಮುಚ್ಚಿ ಹೊರಡುವುದೂ ತಪ್ಪು. ಮೊದಲ ಹೆಜ್ಜೆ ವೈದ್ಯರ ಬಳಿ. ‘ಕರ್ಕೊಂಡು ಹೋಗ್ಬಹುದಾ’ ಎಂದಷ್ಟೇ ಕೇಳಿದರೆ ಸುಸ್ತಾದ ವೈದ್ಯರು ‘ಬೇಡ’ ಎಂದುಬಿಡುತ್ತಾರೆ. ಬೇಡ ಎಂದರೆ ಅವರ ತಲೆಯ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಬದಲಿಗೆ ಪೂರ್ತಿ ಬಿಡಿಸಿ ಹೇಳಿ: ಇಂಥ ದಿನ, ಸಂಜೆ ಐದರಿಂದ ಆರೂವರೆ, ತೆರೆದ ಬಯಲು, ಕಾರಿನಲ್ಲಿ ಪಯಣ, ಜೊತೆಗೆ ಇಬ್ಬರು. ಅಪಾಯ ಕಡಿಮೆ ಮಾಡಲು ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಹಿಂದಿರುಗಬೇಕು, ಯಾವುದಕ್ಕೆ ನೇರ ಆಸ್ಪತ್ರೆಗೆ ಓಡಬೇಕು. ಇಷ್ಟು ಕೇಳಿದರೆ ವೈದ್ಯರು ಕುರ್ಚಿ ಎಳೆದು ಕೂತು ಮಾತಾಡುತ್ತಾರೆ.

ಉತ್ತರ ಕಾಯಿಲೆಯಿಂದ ಕಾಯಿಲೆಗೆ ಬೇರೆ. ಕೀಮೋ ನಡೆಯುತ್ತಿದ್ದರೆ ಮುಖ್ಯ ಪ್ರಶ್ನೆ ಸೋಂಕಿನದು. ಸಾಮಾನ್ಯವಾಗಿ ಔಷಧಿ ಏರಿಸಿದ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರ ಇಳಿದಿರುತ್ತವೆ. ಆ ದಿನಗಳಲ್ಲಿ ಜಾತ್ರೆಯ ಗುಂಪು ಬೇಡ, ಮುಂದಿನ ಸುತ್ತಿಗೆ ಮುಂಚಿನ ದಿನಗಳು ವಾಸಿ. ಜಾತ್ರೆಯ ತಾರೀಕನ್ನು ಬದಲಿಸಲಾಗದು, ಕೀಮೋ ತಾರೀಕನ್ನು ನಾಲ್ಕು ದಿನ ಹಿಂದೆಮುಂದೆ ಮಾಡಲಾದೀತೇ ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಡಯಾಲಿಸಿಸ್ ಆಗುವವರು ಅದೇ ದಿನ ಹಿಂಡಿದಂತಾಗಿರುತ್ತಾರೆ, ಮರುದಿನ ಹೊರಡುವುದು ಒಳ್ಳೆಯದು. ನೀರಿನ ಲೆಕ್ಕ ಇರುವುದರಿಂದ ಜಾತ್ರೆಯ ಕಬ್ಬಿನ ಹಾಲು, ಸೋಡಾ, ಎಳನೀರು ಯಾರೋ ಪ್ರೀತಿಯಿಂದ ಕೊಟ್ಟರೂ ಬೇಡವೆನ್ನಬೇಕು. ಎಳನೀರಿನ ಪೊಟ್ಯಾಸಿಯಂ ಅವರಿಗೆ ನಿಜವಾಗಿ ಅಪಾಯಕಾರಿ. ಹೃದಯ ಸೋತವರಿಗೆ ಮೂತ್ರ ಹೋಗಿಸುವ ಗುಳಿಗೆ ಇರುತ್ತದೆ. ದಾರಿಯಲ್ಲಿ ತೊಂದರೆಯೆಂದು ಅದನ್ನು ತಾವಾಗಿ ಬಿಡಬಾರದು, ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನೇ ಕೇಳಬೇಕು.

ಉಸಿರಾಟದ ತೊಂದರೆ ಇರುವವರಿಗೆ ಕುಸ್ತಿಯ ಕಣ ಕೊಂಚ ಕಷ್ಟವೇ. ಎಣ್ಣೆ, ಮಜ್ಜಿಗೆ, ನಿಂಬೆ, ಅರಿಸಿನ ಬೆರೆಸಿ ಹದ ಮಾಡಿದ ಮಣ್ಣು ಅಷ್ಟಾಗಿ ಏಳುವುದಿಲ್ಲ, ಸುತ್ತ ಸಾವಿರ ಕಾಲು ತುಳಿದ ಬಯಲಿನ ಧೂಳು ಏಳುತ್ತದೆ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಕೂರಿಸಿ, ಒಳ್ಳೆಯ ಮಾಸ್ಕ್ ಹಾಕಿ. ಆಮ್ಲಜನಕ ಬೇಕಿದ್ದವರಿಗೆ ಸುಮಾರು 1500 ಲೀಟರ್ ಹಿಡಿಯುವ ಚಿಕ್ಕ ಸಿಲಿಂಡರ್ ಸಿಗುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ ತುಂಬಿದ ಸಿಲಿಂಡರ್ 12 ಗಂಟೆ ಬರುತ್ತದೆ, ಸಂಜೆಯ ಕುಸ್ತಿಗೆ ಧಾರಾಳ. ಆದರೆ ಹತ್ತಿರ ಬೀಡಿ ಹಚ್ಚುವವರು, ಪಟಾಕಿ ಸುಡುವವರು ಸುಳಿಯಬಾರದು. ಈ ಮಾತನ್ನು ಮುಲಾಜಿಲ್ಲದೆ ಹೇಳಲು ಒಬ್ಬ ಗಟ್ಟಿ ಗಂಟಲಿನ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿ.

ನೋವಿಗೆ ಮಾರ್ಫಿನ್ ಕೊಡುತ್ತಿದ್ದರೆ, ಬಾಯಿಂದ ಕೊಡುವ ಸಾಮಾನ್ಯ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಎಂಬುದು ನೆನಪಿರಲಿ. ಹೊರಡುವ ಅರ್ಧ ಗಂಟೆ ಮುಂಚೆ ಆ ಹೊತ್ತಿನ ಗುಳಿಗೆ ಬೀಳುವಂತೆ ವೈದ್ಯರ ಜೊತೆ ಗಂಟೆ ಹೊಂದಿಸಿಕೊಳ್ಳಿ. ನಡುವೆ ನೋವು ಎದ್ದರೆ ಕೊಡಲು ಹೇಳಿದ ಹೆಚ್ಚುವರಿ ಗುಳಿಗೆಯೂ ಚೀಟಿಯೂ ಜೇಬಿನಲ್ಲಿರಲಿ. ಮಾರ್ಫಿನ್ ಕಟ್ಟುನಿಟ್ಟಿನ ಕಾನೂನಿಗೆ ಒಳಪಟ್ಟ ಔಷಧಿ. 2014ರ ತಿದ್ದುಪಡಿ ರೋಗಿಗಳಿಗೆ ಅದು ಸಿಗುವುದನ್ನು ಸುಲಭ ಮಾಡಿದೆ, ಆದರೂ ಚೀಟಿಯಿಲ್ಲದೆ ಒಯ್ಯಬೇಡಿ.

ಇನ್ನು ಉದ್ವೇಗದ ವಿಷಯ. ಇದನ್ನು ಹಗುರ ಮಾಡುವಂತಿಲ್ಲ. 2006ರ ವಿಶ್ವಕಪ್ ಫುಟ್‌ಬಾಲ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಿನ ವೈದ್ಯರು ಹೃದಯದ ತುರ್ತು ಪ್ರಕರಣಗಳನ್ನು ಎಣಿಸಿದರು. ಜರ್ಮನಿ ತಂಡ ಆಡಿದ ದಿನಗಳಲ್ಲಿ ಅವು ಉಳಿದ ದಿನಗಳ 2.66 ಪಟ್ಟು ಇದ್ದವು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಆ ದಿನಗಳಲ್ಲಿ ತೊಂದರೆಗೆ ಸಿಕ್ಕವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲೇ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಅಂದರೆ ಇತ್ತೀಚೆಗೆ ಹೃದಯಾಘಾತವಾದವರು, ನಡೆದರೆ ಎದೆನೋವು ಬರುವವರು ವೈದ್ಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹೋಗಲೇಬಾರದು. ಇಲ್ಲಿಯೂ ಒಂದು ಮಾತಿದೆ. ಆ ಜರ್ಮನರ ಎದೆ ಬಡಿದದ್ದು ತಮ್ಮ ತಂಡ ಗೆಲ್ಲಲೇಬೇಕೆಂಬ ಹಠಕ್ಕೆ. ಸ್ವಂತ ಮೊಮ್ಮಗ ಕಡಗಕ್ಕೆ ಬಿದ್ದಿದ್ದರೆ ಅಜ್ಜನ ಎದೆಯೂ ಹಾಗೆಯೇ ಬಡಿದೀತು. ಯಾರು ಗೆದ್ದರೂ ಪಟ್ಟು ಚೆನ್ನಾಗಿರಲಿ ಎಂದು ನೋಡುವ ಹಳೆಯ ವಸ್ತಾದನ ಮನಸ್ಸೇ ಬೇರೆ. ನಿಮ್ಮ ಹಿರಿಯರು ಯಾವ ಬಗೆಯ ನೋಟಕರು ಎಂಬುದು ವೈದ್ಯರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಈಗ ಕಣಕ್ಕೆ ಬರೋಣ. ದೊಡ್ಡ ಸ್ಟೇಡಿಯಂಗಿಂತ ಹಳ್ಳಿಯ ಕಣ ರೋಗಿಗೆ ಎಷ್ಟೋ ಮೇಲು. ಮೆಟ್ಟಿಲಿಲ್ಲ, ಟಿಕೆಟಿಲ್ಲ, ಬೇಕೆಂದಾಗ ಎದ್ದು ಬರಬಹುದು, ಕಾರು ಹತ್ತಿರಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ 2025ರ ಜೂನ್ 4ರಂದು, ಆರ್‌ಸಿಬಿ ಕಪ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕು 11 ಜನ ಸತ್ತರು. ಗೇಟಿನ ಮುಂದೆ ನೂಕುನುಗ್ಗಲಾಗುವ ಕಡೆ ಗಟ್ಟಿಮುಟ್ಟಾದ ಹರೆಯದವರಿಗೇ ಉಳಿಗಾಲವಿಲ್ಲ, ಗಾಲಿಕುರ್ಚಿಯವರ ಮಾತೇಕೆ? ದೊಡ್ಡ ಪಂದ್ಯಕ್ಕೇ ಹೋಗಬೇಕೆಂದಿದ್ದರೆ ಗಾಲಿಕುರ್ಚಿಗೆ ಪ್ರತ್ಯೇಕ ದಾರಿ, ಜಾಗ ಇದೆಯೇ ಎಂದು ಮೊದಲೇ ವಿಚಾರಿಸಿ ಖಚಿತ ಮಾಡಿಕೊಳ್ಳಿ, ಗುಂಪು ಸೇರುವ ಮುನ್ನ ಒಳಗಿರಿ, ವಿಜಯೋತ್ಸವದ ಮೆರವಣಿಗೆಗಂತೂ ಹೋಗಲೇಬೇಡಿ.

ಜಾತ್ರೆ ಕುಸ್ತಿಯ ಇನ್ನೊಂದು ಅನುಕೂಲ ಅದರ ಕ್ರಮದಲ್ಲೇ ಇದೆ. ದೊಡ್ಡ ಜೋಡಿಗಳು ಕೊನೆಗೆ ಬರುತ್ತವೆ, ಅಷ್ಟರಲ್ಲಿ ಬಿಸಿಲೂ ಇಳಿದಿರುತ್ತದೆ. ಮಧ್ಯಾಹ್ನ ಮೂರಕ್ಕೆ ಹೋಗಿ ಕಾಯಬೇಕಿಲ್ಲ. ಒಬ್ಬ ಹುಡುಗ ಕಣದಿಂದ ಫೋನು ಮಾಡಲಿ, ‘ಇನ್ನು ನಾಕು ಜೋಡಿ ಆದ್ಮ್ಯಾಗ ಕಡಗ’ ಎಂದಾಗ ಹೊರಡಿ. ಆದರೆ ಯಾವ ಕುಸ್ತಿ ನೋಡಬೇಕೆಂಬುದನ್ನು ಅವರನ್ನೇ ಕೇಳಿ. ನಮಗೆ ದೊಡ್ಡದು ಕಡಗವೇ ಇರಬಹುದು, ಅವರಿಗೆ ತೆಂಗಿನಕಾಯಿಗೆ ಬೀಳುವ ಪುಟ್ಟ ಹುಡುಗರನ್ನು ನೋಡುವ ಆಸೆ ಇರಬಹುದು. ಹಾಗಿದ್ದರೆ ಕೊಡೆ, ನೀರು, ಒದ್ದೆ ಟವಲು ಹಿಡಿದು ಬೇಗ ಹೋಗಿ, ಬೇಗ ಬನ್ನಿ. ಶೌಚದ ಏರ್ಪಾಡು ಮೊದಲೇ ಆಗಬೇಕು. ಹಿರಿಯರು ‘ನಾ ಬರಂಗಿಲ್ಲ’ ಎಂದು ಹಟ ಹಿಡಿಯುವುದು ಎಷ್ಟೋ ಸಲ ಈ ಮುಜುಗರಕ್ಕೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಕಣದ ಹತ್ತಿರದ ಒಂದು ಮನೆಯವರನ್ನು ಕೇಳಿಟ್ಟುಕೊಂಡರೆ ಸಾಕು, ಯಾರೂ ಇಲ್ಲವೆನ್ನುವುದಿಲ್ಲ. ಕುರ್ಚಿಯಲ್ಲಿ ಕೂತವರನ್ನು ಅರ್ಧ ಗಂಟೆಗೊಮ್ಮೆಯಾದರೂ ಕೊಂಚ ಎತ್ತಿ ಸರಿಸಿ, ಇಲ್ಲವಾದರೆ ಒಂದೇ ಸಂಜೆಗೆ ಬೆನ್ನು ಕೆಂಪಾಗಿ ಹುಣ್ಣಿಗೆ ದಾರಿಯಾಗುತ್ತದೆ. ಭಾಲ್ಕಿಯ ತಾಲ್ಲೂಕು ಆಸ್ಪತ್ರೆಯೋ ಬೀದರಿನ ಬ್ರಿಮ್ಸೋ, ಯಾವುದು ಹತ್ತಿರ, ಯಾವ ದಾರಿ ತೆರೆದಿದೆ ಎಂಬುದು ಚಾಲಕನಿಗೆ ಗೊತ್ತಿರಲಿ. ತೇರಿನ ಬೀದಿಯಲ್ಲಿ ಕಾರು ಸಿಕ್ಕಿಕೊಂಡರೆ ಕಷ್ಟ.

ಗೆದ್ದ ಪೈಲ್ವಾನ ಕಣದ ಸುತ್ತ ಬರುತ್ತಾನೆ, ಜನ ಬಕ್ಷೀಸು ಕೊಡುತ್ತಾರೆ. ಹಿರಿಯರ ಜೇಬಿನಲ್ಲಿ ಮುಂಚಿತವಾಗಿ ಒಂದಷ್ಟು ನೋಟು ಇಟ್ಟಿರಿ. ಕೊಡುವುದು ಅವರ ಕೈಯಿಂದಲೇ ಆಗಲಿ. ತಿಂಗಳುಗಟ್ಟಲೆ ಎಲ್ಲರಿಂದ ಪಡೆಯುತ್ತಲೇ ಇರುವವರಿಗೆ, ಒಬ್ಬ ಹುಡುಗನ ತೋಳು ಮುಟ್ಟಿ ನೂರು ರೂಪಾಯಿ ಕೊಡುವುದು ಯಾವ ಟಾನಿಕ್ಕಿಗಿಂತಲೂ ಹೆಚ್ಚು. ಇದನ್ನು ಭಾವುಕತೆಯೆಂದು ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ.

ಇಷ್ಟೆಲ್ಲ ಏರ್ಪಾಡಿಗಿಂತ ಕಠಿಣವಾದ ಅಡ್ಡಿ ಮನೆಯೊಳಗೇ ಇದೆ. ‘ಏನಾದ್ರೂ ಆದ್ರ ಮಂದಿ ಏನಂತಾರ?’ ಆ ‘ಏನಾದರೂ’ ಮನೆಯ ಮಂಚದ ಮೇಲೂ ಆಗಬಹುದು, ಅಲ್ಲಿ ಆದರೆ ಯಾರೂ ಏನೂ ಅನ್ನುವುದಿಲ್ಲ. ಕಣದಲ್ಲಿ ಆದರೆ ಹಿರಿಮಗನೋ ಸೊಸೆಯೋ ಜೀವಮಾನವಿಡೀ ಮಾತು ಕೇಳಬೇಕು. ಆದ್ದರಿಂದ ಹೊರಡುವ ಮುಂಚೆ ಅಣ್ಣತಮ್ಮ, ಅಕ್ಕತಂಗಿ ಎಲ್ಲ ಕೂತು ಮಾತಾಡಲಿ, ಮುಂಬೈಯಲ್ಲೋ ಪುಣೆಯಲ್ಲೋ ಇರುವವರು ಫೋನಿನಲ್ಲಿ ಸೇರಲಿ. ಹಿರಿಯರು ಎಲ್ಲರೆದುರು ‘ನನಗ ಹೋಗಬೇಕು, ಇದು ನನ್ನ ಮಾತು’ ಎನ್ನಲಿ. 2018ರಲ್ಲಿ ಸುಪ್ರೀಂ ಕೋರ್ಟು, ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಗಡವಾಗಿ ಬರೆದಿಡುವ ಹಕ್ಕನ್ನು ಎತ್ತಿಹಿಡಿಯಿತು. ಬೇಡವಾದದ್ದನ್ನು ಬರೆದಿಡಬಹುದಾದರೆ, ಬೇಕಾದದ್ದನ್ನು ಬಾಯಿಬಿಟ್ಟು ಹೇಳಿದಾಗ ಮನೆಯವರು ಕೇಳಬೇಡವೇ?

ಇಲ್ಲೊಂದು ಸೂಕ್ಷ್ಮವೂ ಇದೆ. ನಮ್ಮ ಕಡೆ ರೋಗದ ಹೆಸರನ್ನು ರೋಗಿಗೇ ಹೇಳದಿರುವುದು ರೂಢಿ. ‘ಗಡ್ಡಿ ಆಗೇದ, ಗುಳಿಗಿ ತಗೊಂಡ್ರ ಹೋಗ್ತದ’ ಎಂದಿರುತ್ತೇವೆ. ಹೀಗಿರುವಾಗ ಇದ್ದಕ್ಕಿದ್ದಂತೆ ಎಲ್ಲರೂ ಸೇರಿ ಕುಸ್ತಿಗೆ ಹೊರಟರೆ ಹಿರಿಯರಿಗೆ ಅರ್ಥವಾಗದೇ ಇರುತ್ತದೆಯೇ? ಬಹುಪಾಲು ಜನರಿಗೆ ಮೊದಲೇ ಅರ್ಥವಾಗಿರುತ್ತದೆ. ದಾರಿಯಲ್ಲಿ ಅವರು ಏನಾದರೂ ಕೇಳಿದರೆ ಸುಳ್ಳು ಹೇಳಬೇಡಿ. ಕೇಳದಿದ್ದರೆ ನೀವಾಗಿ ಎತ್ತಬೇಡಿ. ಆ ದಿನ ಪಟ್ಟು, ಪೇಚು, ಹಳೆಯ ಜೋಡಿಗಳ ಮಾತೇ ಇರಲಿ.

ಹಿರಿಯರು ಎಂದರೆ ಗಂಡಸರೇ ಎಂಬಂತೆ ಇಷ್ಟು ಹೊತ್ತು ಬರೆದೆ, ಕುಸ್ತಿಯ ಕಣದ ಸುತ್ತ ಹೆಂಗಸರು ಕಾಣುವುದು ಇಂದಿಗೂ ಅಪರೂಪ. ಅಜ್ಜಿಗೆ ಆಟದ ಆಸೆ ಇಲ್ಲವೆಂದಲ್ಲ, ಯಾರೂ ಕೇಳಿಲ್ಲ. 2019ರ ಜುಲೈ 2ರಂದು ಬರ್ಮಿಂಗ್‌ಹ್ಯಾಮಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಭಾರತ ಬಾಂಗ್ಲಾದೇಶದ ವಿರುದ್ಧ ಆಡುವಾಗ 87 ವರ್ಷದ ಚಾರುಲತಾ ಪಟೇಲ್ ಗಾಲಿಕುರ್ಚಿಯಲ್ಲಿ ಕೂತು ಪೀಪಿ ಊದುತ್ತಿದ್ದುದನ್ನು ದೇಶವೇ ನೋಡಿತು. ಆಟ ಮುಗಿದ ಮೇಲೆ ಕೊಹ್ಲಿ, ರೋಹಿತ್ ಅವರ ಬಳಿಗೆ ಬಂದು ಕೈ ಹಿಡಿದರು. ಮುಂದಿನ ಜನವರಿ 13ಕ್ಕೆ ಅವರು ತೀರಿಕೊಂಡರು, ನಡುವೆ ಇದ್ದದ್ದು ಆರು ತಿಂಗಳು. ಔರಾದಿನ ಶಾಲಾ ಮೈದಾನದಲ್ಲಿ ಮೊಮ್ಮಗಳು ಕಬಡ್ಡಿ, ಕೊಕ್ಕೊ ಆಡುವುದಿದ್ದರೆ ಅಜ್ಜಿಗೆ ಅದೇ ವಿಶ್ವಕಪ್ಪು. ತಾಲ್ಲೂಕು ಮಟ್ಟದ ಪಂದ್ಯ ಯಾವಾಗ ಎಂದು ದೈಹಿಕ ಶಿಕ್ಷಕರನ್ನು ಕೇಳಿ, ಮರದ ನೆರಳಿಗೆ ಒಂದು ಕುರ್ಚಿ ಹಾಕಿಸಿ.

ಹೋಗಲಾಗದ ದಿನವೂ ಬರುತ್ತದೆ. ಬೆಳಿಗ್ಗೆ ಜ್ವರ ಕಂಡರೆ, ಉಸಿರು ಏರಿದ್ದರೆ, ಅವರೇ ಸಾಕೆಂದರೆ ಹೊರಡಬೇಡಿ, ಕಾರಿನ ಬಾಡಿಗೆಯ ಲೆಕ್ಕ ಎತ್ತಬೇಡಿ. ಅರ್ಧಕ್ಕೆ ಎದ್ದು ಬರಬೇಕಾದರೂ ಹಾಗೆಯೇ. ವೀಡಿಯೊ ಕಾಲಿನಲ್ಲಿ ಕಣ ತೋರಿಸಬಹುದು. ಅದಕ್ಕಿಂತ ಒಳ್ಳೆಯದು, ಕುಸ್ತಿ ಮುಗಿದ ಮೇಲೆ ತಾಲೀಮಿನ ಇಬ್ಬರು ಹುಡುಗರು ಮನೆಗೆ ಬಂದು ಮಂಚದ ಬಳಿ ಕೂತು ಯಾವ ಪಟ್ಟಿಗೆ ಯಾರು ಬಿದ್ದರು ಎಂದು ಹೇಳುವುದು. ಹೋಗಿ ಬಂದವರಿಗಾದರೆ ಎರಡು ದಿನ ಸುಸ್ತು ಖಂಡಿತ, ಆ ಎರಡು ದಿನ ಆಸ್ಪತ್ರೆ, ನೆಂಟರು ಯಾವುದನ್ನೂ ಇಟ್ಟುಕೊಳ್ಳಬೇಡಿ.

ಕೊನೆಯದಾಗಿ ಜಾತ್ರಾ ಸಮಿತಿಗಳಿಗೆ ಒಂದು ಬೇಡಿಕೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕ್ರೀಡೆ ಮತ್ತು ಮನರಂಜನೆಯ ತಾಣಗಳು ಅವರಿಗೂ ತೆರೆದಿರಬೇಕು ಎನ್ನುತ್ತದೆ. ಅತಿಥಿಗಳ ವೇದಿಕೆಗೆ ಶಾಮಿಯಾನ, ಸೋಫಾ ತರಿಸುವ ಸಮಿತಿಗೆ ಕಣದ ಪಡುವಣ ಬದಿಯಲ್ಲಿ, ಸಂಜೆಯ ಬಿಸಿಲು ಬೆನ್ನಿಗೆ ಬೀಳುವ ಕಡೆ, ಹತ್ತು ಕುರ್ಚಿ ಮತ್ತು ಎರಡು ಮಂಚದ ಜಾಗ ಹಗ್ಗ ಕಟ್ಟಿ ಬಿಡಿಸುವುದು ದೊಡ್ಡ ಖರ್ಚಲ್ಲ. ಅಲ್ಲಿಂದ ರಸ್ತೆಗೆ ಒಂದು ಕಾರು ಹಿಡಿಯುವಷ್ಟು ದಾರಿ ಬಿಡಿ, ಕುಡಿಯುವ ನೀರು ಇಡಿ, ಪಟಾಕಿ ಆ ಬದಿ ಬೇಡ. ಡಂಗುರ ಸಾರುವಾಗಲೇ, ಕರಪತ್ರ ಅಚ್ಚು ಹಾಕಿಸುವಾಗಲೇ ‘ಹಿರಿಯರಿಗೆ, ರೋಗಿಗಳಿಗೆ ಜಾಗ ಇದೆ’ ಎಂಬ ಒಂದು ಸಾಲು ಸೇರಿಸಿ, ಅದರ ಕೆಳಗೆ ಫೋನು ಎತ್ತುವ ಒಬ್ಬರ ನಂಬರು ಇರಲಿ.